ಗೊಣಗಾಟಕ್ಕೆ ವಿಳಾಸ ಇರಲ್ಲ

ನಾವು ಒಂದು ದಿನಕ್ಕೆ ಎಷ್ಟು ಸಲ ಗೊಣಗುತ್ತೇವೆ ಅಂತ ಯಾರಾದರೂ ಲೆಕ್ಕ ಇಟ್ಟಿದ್ದರೆ, ಆ ಸಂಖ್ಯೆ ನಮ್ಮ ಅಟೆಂಡೆನ್ಸ್‌ಗಿಂತ ಖಂಡಿತ ಜಾಸ್ತಿ ಇರುತ್ತಿತ್ತು. ಬೆಳಿಗ್ಗೆ ಮೆಸ್ಸಿನ ಉಪ್ಪಿಟ್ಟಿನಿಂದ ಶುರು. ಅಲ್ಲಿಂದ ಹಾಸ್ಟೆಲಿನ ಬಿಸಿನೀರು, ಟೈಮಿಗೆ ಬಾರದ ಬಸ್ಸು, ಕನೆಕ್ಟ್ ಆಗದ ವೈಫೈ, ಲ್ಯಾಬಿನಲ್ಲಿ ಕೆಟ್ಟು ಕೂತಿರುವ ಸಿಆರ್‌ಓ, ಬರೀ ಪಿಪಿಟಿ ಓದಿ ಮುಗಿಯುವ ಕ್ಲಾಸು, ಇಂಟರ್ನಲ್ಸ್ ಮಾರ್ಕ್ಸು, ರೀವ್ಯಾಲ್ಯುಯೇಷನ್ನು. ರಾತ್ರಿ ಊಟ ಮುಗಿಸಿ ಮಲಗೋ ಹೊತ್ತಿಗೆ ಮಾತು ಪ್ಲೇಸ್‌ಮೆಂಟ್ ತನಕ ಬಂದಿರುತ್ತದೆ. ಗೊಣಗೋದಕ್ಕೂ ಕ್ರೆಡಿಟ್ ಕೊಡೋ ಹಾಗಿದ್ದರೆ ನಮ್ಮಲ್ಲಿ ಒಬ್ಬರಿಗೂ ಬ್ಯಾಕ್‌ಲಾಗ್ ಇರುತ್ತಿರಲಿಲ್ಲ!

ತಮಾಷೆ ಇರಲಿ. ಈ ಪಟ್ಟಿಯಲ್ಲಿ ಸುಳ್ಳು ಅಂತ ಯಾವುದೂ ಇಲ್ಲ. ಉಪ್ಪಿಟ್ಟು ನಿಜವಾಗಿಯೂ ಅಂಟಂಟು, ವೈಫೈ ನಿಜವಾಗಿಯೂ ಹತ್ತಲ್ಲ. ಹಾಗಾದರೆ ಇಷ್ಟು ಜನ, ಇಷ್ಟು ನಿಜವಾದ ವಿಷಯವನ್ನು, ಇಷ್ಟು ವರ್ಷಗಳಿಂದ ಹೇಳುತ್ತಾ ಬಂದರೂ ಯಾಕೆ ಏನೂ ಬದಲಾಗಲ್ಲ? ಸೀನಿಯರ್‌ಗಳು ಹೋಗುವಾಗ ನೋಟ್ಸ್, ಡ್ರಾಫ್ಟರ್, ಲ್ಯಾಬ್ ಕೋಟ್ ಜೊತೆಗೆ ಗೊಣಗಾಟದ ಪಟ್ಟಿಯನ್ನೂ ಹಾಗೇ ದಾಟಿಸಿ ಹೋಗುತ್ತಾರೆ. ಒಂದು ಐಟಂ ಕೂಡ ಕಮ್ಮಿ ಆಗಿರಲ್ಲ. ಈ ಲೇಖನದಲ್ಲಿ ನಾವು ಕೇಳಿಕೊಳ್ಳಬೇಕು ಅಂತಿರೋ ಪ್ರಶ್ನೆ ಇದೇ.

ಮೂರು ಪದಗಳು

ಇದಕ್ಕೆ ಮೊದಲ ಸುಳಿವು ನಮ್ಮ ಭಾಷೆಯಲ್ಲೇ ಸಿಗುತ್ತದೆ. ಇಂಗ್ಲಿಷಿನ ಕಂಪ್ಲೇಂಟ್ ಅನ್ನೋ ಪದ ಗೊಣಗಾಟಕ್ಕೂ ನಡೆಯುತ್ತದೆ, ದೂರಿಗೂ ನಡೆಯುತ್ತದೆ. ಕನ್ನಡದಲ್ಲಿ ಗೊಣಗು ಬೇರೆ, ದೂರು ಬೇರೆ.

ಗೊಣಗೋದು ಅಂದರೆ ತುಟಿಯೊಳಗೇ ಆಡುವ ಮಾತು. ಪಕ್ಕದಲ್ಲಿ ಕೂತವನಿಗೆ ಕೇಳಿಸಿದರೆ ಸಾಕು, ಕೇಳಿಸಬೇಕಾದವರಿಗೆ ಕೇಳಿಸಬೇಕು ಅಂತೇನಿಲ್ಲ. ದೂರು ಹಾಗಲ್ಲ. ದೂರನ್ನು ಒಬ್ಬರು 'ಕೊಡಬೇಕು', ಇನ್ನೊಬ್ಬರು 'ತಗೋಬೇಕು'. ಅದಕ್ಕೆ ತಾರೀಕು ಇರುತ್ತದೆ, ಕೆಳಗೆ ಒಂದು ಸಹಿ ಇರುತ್ತದೆ, ಮೇಲೆ 'ಇವರಿಗೆ' ಅಂತ ಒಂದು ವಿಳಾಸ ಇರುತ್ತದೆ. ನಮ್ಮ ದಿನದ ಪಟ್ಟಿಯಲ್ಲಿ ಇರೋದು ಬಹುಪಾಲು ಗೊಣಗಾಟ. ದೂರು ಅನ್ನುವಷ್ಟು ದೂರ ಅದು ಹೋಗೋದೇ ಇಲ್ಲ.

ಮೂರನೆಯ ಪದ ಹೊಣೆ. ಹಳ್ಳಿಯಲ್ಲಿ ಯಾರೋ ಸಾಲ ತಗೊಂಡಾಗ ಇನ್ನೊಬ್ಬರು 'ನಾನು ಹೊಣೆ' ಅಂತ ನಿಲ್ಲುತ್ತಾರೆ. ಗಮನಿಸಿ, ಸಾಲ ಮಾಡಿದವನು ಬೇರೆ, ಹೊಣೆ ನಿಂತವನು ಬೇರೆ. ಹೊಣೆ ಹೊತ್ತ ಅಂದ ಮಾತ್ರಕ್ಕೆ ತಪ್ಪು ಅವನದು ಅಂತಲ್ಲ. ಈ ವ್ಯತ್ಯಾಸ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾಕೆ ಗೊಣಗುತ್ತೇವೆ?

ಮೊದಲನೆಯದಾಗಿ, ಹಿತವಾಗಿರುತ್ತದೆ ಅಂತ. ಎರಡು ಗಂಟೆ ಕ್ಯೂನಲ್ಲಿ ನಿಂತು ಫೀಸ್ ಕೌಂಟರಿನಿಂದ ವಾಪಸ್ ಬಂದವನಿಗೆ ಬಯ್ಯೋದಕ್ಕೂ ಬಿಡದಿದ್ದರೆ ಹೇಗೆ? ಎರಡನೆಯದಾಗಿ, ಗೊಣಗಾಟ ಜನರನ್ನು ಹತ್ತಿರ ತರುತ್ತದೆ. ಫಸ್ಟ್ ಇಯರ್‌ನಲ್ಲಿ ಬೀದರಿನವನಿಗೂ ಮಡಿಕೇರಿಯವನಿಗೂ ಮಾತಾಡೋಕೆ ವಿಷಯವೇ ಇರಲ್ಲ. ಮೆಸ್ಸಿನ ಸಾಂಬಾರು ಆ ವಿಷಯ ಕೊಡುತ್ತದೆ. ಎಷ್ಟೋ ಗೆಳೆತನಗಳು ಅಲ್ಲಿಂದಲೇ ಶುರುವಾಗಿರುತ್ತವೆ. ಇಷ್ಟರಲ್ಲಿ ತಪ್ಪೇನೂ ಇಲ್ಲ.

ಮೂರನೆಯ ಕಾರಣ ಸ್ವಲ್ಪ ಕಹಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮಗೆ ಮಾರ್ಕ್ಸ್ ಕಮ್ಮಿ ಬಂದರೆ ಪೇಪರ್ ಟಫ್ ಇತ್ತು, ವ್ಯಾಲ್ಯುಯೇಷನ್ ಸರಿ ಇರಲಿಲ್ಲ. ಪಕ್ಕದವನಿಗೆ ಕಮ್ಮಿ ಬಂದರೆ 'ಅವನು ಓದೇ ಇಲ್ಲ ಬಿಡು'. ನಮ್ಮ ಟೀಮ್ ಹ್ಯಾಕಥಾನ್‌ನಲ್ಲಿ ಸೋತರೆ ಜಡ್ಜ್‌ಗಳಿಗೆ ಏನೂ ಗೊತ್ತಿಲ್ಲ, ಬೇರೆ ಟೀಮ್ ಸೋತರೆ ಐಡಿಯಾನೇ ಸಪ್ಪೆ. ಎರಡೂ ಕಡೆ ಅಳತೆಗೋಲು ಒಂದೇ ಇದ್ದಿದ್ದರೆ ಉತ್ತರ ಬೇರೆ ಬರುತ್ತಿತ್ತು. ನೆಲ ಕೆಲವು ಸಲ ನಿಜವಾಗಿಯೂ ಡೊಂಕಿರುತ್ತದೆ. ಆದರೆ ನೆಲ ಡೊಂಕು ಅಂತ ಗೊತ್ತಾದ ಮೇಲೂ ಅದೇ ಜಾಗದಲ್ಲಿ, ಅದೇ ಥರ, ನಾಲ್ಕು ವರ್ಷ ಕುಣಿಯೋದು ಯಾಕೆ?

ನಾಲ್ಕನೆಯ ಕಾರಣ ನಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ: ಯಾರಾದರೂ ಹೇಳಿರುತ್ತಾರೆ ಬಿಡು ಅನ್ನೋ ನಂಬಿಕೆ.

ಹೊಗೆ ತುಂಬಿದ ಕೋಣೆ

1968ರಲ್ಲಿ ಅಮೆರಿಕದ ಬಿಬ್ ಲತಾನೆ ಮತ್ತು ಜಾನ್ ಡಾರ್ಲಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಒಂದು ಕೋಣೆಯಲ್ಲಿ ಕೂರಿಸಿ ಫಾರ್ಮ್ ತುಂಬಲು ಹೇಳಿದರು. ಸ್ವಲ್ಪ ಹೊತ್ತಿಗೆ ಗೋಡೆಯ ಕಿಂಡಿಯಿಂದ ಹೊಗೆ ಒಳಗೆ ಬರತೊಡಗಿತು. ಒಬ್ಬರೇ ಕೂತಿದ್ದಾಗ 100ಕ್ಕೆ 75 ಜನ ಎದ್ದು ಹೋಗಿ ಹೊರಗೆ ತಿಳಿಸಿದರು. ಪರಿಚಯವಿಲ್ಲದ ಮೂವರು ಒಟ್ಟಿಗೆ ಕೂತಿದ್ದಾಗ? ಬರೀ 38 ಶೇಕಡಾ ಗುಂಪುಗಳಲ್ಲಿ ಮಾತ್ರ ಯಾರಾದರೂ ಒಬ್ಬರು ಎದ್ದರು. ಮಿಕ್ಕವರು ಕಣ್ಣುಜ್ಜಿಕೊಂಡು, ಕೆಮ್ಮಿಕೊಂಡು, ಕೈಯಲ್ಲಿ ಹೊಗೆ ಸರಿಸಿಕೊಂಡು ಫಾರ್ಮ್ ತುಂಬುತ್ತಲೇ ಇದ್ದರು. ಆಮೇಲೆ ಕೇಳಿದರೆ ಎಸಿಯ ಆವಿ ಇರಬಹುದು ಅಂದುಕೊಂಡೆವು ಅಂದವರೂ ಇದ್ದರು.

ಈಗ ಹಾಸ್ಟೆಲ್ ವಿಂಗಿನ ಬಾತ್‌ರೂಮ್ ನೆನೆಸಿಕೊಳ್ಳಿ. ಒಂದು ನಲ್ಲಿ ಸೋರುತ್ತಿದೆ. ನಲವತ್ತು ಜನ ದಿನಾ ಅದರ ಮುಂದೆ ನಿಂತು ಹಲ್ಲುಜ್ಜುತ್ತಾರೆ. ನಲವತ್ತೂ ಜನ 'ಎಂಥಾ ಮೆಂಟೇನೆನ್ಸ್ ಗುರೂ ಇದು' ಅನ್ನುತ್ತಾರೆ. ವಾರ್ಡನ್ ರೂಮಿನಲ್ಲಿರುವ ಕಂಪ್ಲೇಂಟ್ ಪುಸ್ತಕ ತೆಗೆದು ನೋಡಿದರೆ ಆ ನಲ್ಲಿಯ ಬಗ್ಗೆ ಒಂದು ಸಾಲೂ ಇರಲ್ಲ. ಒಬ್ಬನೇ ಇರುವ ಮನೆಯಲ್ಲಿ ನಲ್ಲಿ ಸೋರಿದರೆ ಅದೇ ಸಂಜೆ ವಾಷರ್ ಬದಲಾಗುತ್ತದೆ. ಜನ ಹೆಚ್ಚಾದಷ್ಟೂ ಬೇಗ ರಿಪೇರಿ ಆಗಬೇಕಿತ್ತಲ್ವಾ? ಉಲ್ಟಾ ಆಗುತ್ತದೆ.

ಕೆಲಸ ಮಾಡುವ ವಿಷಯದಲ್ಲೂ ಇದೇ ಕತೆ. ಇದನ್ನು ಅಳೆದು ತೋರಿಸಿದವರು ನಮ್ಮ ಪೈಕಿಯವರೇ, ಮ್ಯಾಕ್ಸ್ ರಿಂಗಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್. ಜನರಿಂದ ಹಗ್ಗ ಎಳೆಸಿ ಬಲ ಅಳೆದರು, ಫಲಿತಾಂಶವನ್ನು 1913ರಲ್ಲಿ ಪ್ರಕಟಿಸಿದರು. ಎಂಟು ಜನ ಒಟ್ಟಿಗೆ ಎಳೆದಾಗ ಎಂಟು ಪಟ್ಟು ಬಲ ಬರಲಿಲ್ಲ. ಒಬ್ಬೊಬ್ಬರೂ ಒಂಟಿಯಾಗಿ ಎಳೆಯುವ ಬಲದ ಹೆಚ್ಚುಕಮ್ಮಿ ಅರ್ಧದಷ್ಟೇ ತಲಾ ಬಂತು. ಹಗ್ಗವನ್ನು ಒಂದೇ ಕ್ಷಣಕ್ಕೆ ಎಲ್ಲರೂ ಎಳೆಯಲಾಗದ್ದು ಒಂದು ಕಾರಣವಾದರೆ, ಬೇರೆಯವರು ಎಳೀತಾರೆ ಅಂತ ಕೈ ಸಡಿಲ ಬಿಡೋದು ಇನ್ನೊಂದು ಕಾರಣ. ನಾಲ್ಕು ಜನರ ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ ಕೋಡ್ ಬರೆದವನು ಒಬ್ಬ, ರಿಪೋರ್ಟ್ ಟೈಪ್ ಮಾಡಿದವಳು ಒಬ್ಬಳು, ಇನ್ನಿಬ್ಬರು ವೈವಾ ದಿನ ಬೆಳಿಗ್ಗೆ 'ನಮ್ಮ ಪ್ರಾಜೆಕ್ಟ್ ಯಾವುದರ ಮೇಲೆ?' ಅಂತ ಕೇಳೋದು ಯಾಕೆ ಅಂತ ಈಗ ಗೊತ್ತಾಯಿತಾ?

'ತಪ್ಪು ಅವರದ್ದು, ಹೊಣೆ ನಮಗ್ಯಾಕೆ?'

ಇಲ್ಲಿ ಒಂದು ಒಳ್ಳೆಯ ತಕರಾರು ಬರುತ್ತದೆ, ಅದನ್ನು ತಳ್ಳಿಹಾಕೋಕೆ ಆಗಲ್ಲ. ಫೀಸ್ ಕಟ್ಟಿರೋದು ನಾವು. ವೈಫೈ ಕೊಡಬೇಕಾದ್ದು ಅವರ ಕೆಲಸ. ರಸ್ತೆ ಗುಂಡಿ ಮುಚ್ಚೋದು ಪಾಲಿಕೆಯ ಕೆಲಸ. ಅದಕ್ಕೆಲ್ಲ ನಾವು ಜವಾಬ್ದಾರಿ ತಗೊಳ್ಳಬೇಕು ಅನ್ನೋದು ಯಾವ ನ್ಯಾಯ? 'ನಿಮ್ಮ ಮನೋಭಾವ ಬದಲಾಯಿಸಿಕೊಳ್ಳಿ, ಪಾಸಿಟಿವ್ ಆಗಿರಿ' ಅನ್ನೋ ಉಪದೇಶವನ್ನು ಕುರ್ಚಿಯಲ್ಲಿ ಕೂತವರು ಎಷ್ಟು ಸಲ ಬಾಯಿ ಮುಚ್ಚಿಸೋಕೆ ಬಳಸಿಲ್ಲ? 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನೋದು ನಮ್ಮ ನಾಡಿನ ಅಘೋಷಿತ ರಾಜ್ಯಗೀತೆ ಆಗಿಹೋಗಿದೆ.

ಈ ತಕರಾರು ಸರಿಯಾಗಿದೆ. ಅದಕ್ಕೇ ನಾವು ಮೊದಲೇ ಹೇಳಿದ್ದು, ತಪ್ಪು ಬೇರೆ, ಹೊಣೆ ಬೇರೆ ಅಂತ. ನಲ್ಲಿ ಸೋರಿದ್ದು ನಮ್ಮ ತಪ್ಪಲ್ಲ. ಅದು ಸರಿಹೋಗುವ ತನಕ ಬೆನ್ನು ಹತ್ತೋದು ನಮ್ಮ ಕೈಲಿದೆ. ಹೊಣೆ ಅಂದರೆ ಸುಮ್ಮನಿರೋದು ಅಂತ ಅರ್ಥ ಮಾಡಿಕೊಂಡರೆ ಮಾತೇ ತಲೆಕೆಳಗಾಗುತ್ತದೆ. ಎಷ್ಟೋ ಕಡೆ ದೂರು ಕೊಡೋದೇ ಹೊಣೆ.

ಎಂಜಿನಿಯರ್‌ಗಳಾಗುವ ನಮಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ: ರೋಜರ್ ಬೋಯ್ಸ್‌ಜೋಲಿ. ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಬೂಸ್ಟರ್ ರಾಕೆಟ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿಯಲ್ಲಿ ಅವರು ಎಂಜಿನಿಯರ್. ರಾಕೆಟ್ಟಿನ ಜೋಡಣೆಗಳಲ್ಲಿ ಬಳಸುವ ಓ-ರಿಂಗ್ ಎಂಬ ರಬ್ಬರ್ ಬಳೆ ಕೈಕೊಟ್ಟರೆ ಜೀವಗಳೇ ಹೋಗುತ್ತವೆ ಅಂತ 1985ರ ಜುಲೈನಲ್ಲಿ ತಮ್ಮ ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಿದರು. 1986ರ ಜನವರಿ 27ರ ರಾತ್ರಿ, ಉಡಾವಣೆಯ ಹಿಂದಿನ ದಿನ, ಇಷ್ಟು ಚಳಿಯಲ್ಲಿ ಹಾರಿಸಬೇಡಿ ಅಂತ ಅವರೂ ಅವರ ಜೊತೆಯವರೂ ವಾದಿಸಿದರು. ಆಡಳಿತ ಕೇಳಲಿಲ್ಲ. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಒಡೆದು ಏಳು ಜನ ಸತ್ತರು.

ದೂರು ಕೊಟ್ಟ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತ ನಾವು ಹೇಳ್ತಿಲ್ಲ. ಇಲ್ಲಿ ಸರಿಹೋಗಲಿಲ್ಲ. ಆದರೆ ಬೋಯ್ಸ್‌ಜೋಲಿ ಕ್ಯಾಂಟೀನಿನಲ್ಲಿ ಕಾಫಿ ಕುಡೀತಾ 'ನಮ್ಮ ಮ್ಯಾನೇಜರ್‌ಗಳಿಗೆ ಬುದ್ಧಿ ಇಲ್ಲ' ಅಂತಷ್ಟೇ ಹೇಳಿ ಮನೆಗೆ ಹೋಗಿದ್ದರೆ? ಬರೆದಿಟ್ಟ ಕಾಗದ ಇತ್ತು. ಅದರಿಂದಲೇ ಆಮೇಲಿನ ತನಿಖೆಗೆ ಯಾರಿಗೆ ಏನು ಮೊದಲೇ ಗೊತ್ತಿತ್ತು ಅನ್ನೋದು ತಿಳಿಯಿತು. ನಾಳೆ ನಮ್ಮಲ್ಲಿ ಯಾರೋ ಒಬ್ಬರ ಮುಂದೆ ಇಂಥದ್ದೇ ಡ್ರಾಯಿಂಗ್ ಬಂದು ಕೂರುತ್ತದೆ. ಅವತ್ತು ಬರೆಯುವ ಅಭ್ಯಾಸ ಇವತ್ತು ಸೋರುವ ನಲ್ಲಿಯಿಂದ ಶುರುವಾಗದಿದ್ದರೆ ಇನ್ನೆಲ್ಲಿಂದ ಬರಬೇಕು?

ಇನ್ನೊಂದು ಮಾತು. ರ‍್ಯಾಗಿಂಗ್, ಕಿರುಕುಳ, ಜೀವಕ್ಕೆ ಅಪಾಯ ಇರುವ ಲಿಫ್ಟು, ವೈರಿಂಗು, ಇಂಥ ವಿಷಯಗಳಲ್ಲಿ 'ನಿನ್ನ ಹೊಣೆ ನೀನು ತಗೋ' ಅಂತ ಯಾರೂ ಯಾರಿಗೂ ಹೇಳಕೂಡದು. ಅಲ್ಲಿ ದೂರು ಕೊಡಲೇಬೇಕು. ತೊಂದರೆಗೆ ಸಿಕ್ಕವರ ಜೊತೆ ನಿಂತು ಕೊಡಿಸೋದು ನೋಡಿದವರ ಹೊಣೆ. ರ‍್ಯಾಗಿಂಗ್ ವಿರುದ್ಧದ ರಾಷ್ಟ್ರೀಯ ಸಹಾಯವಾಣಿ 1800-180-5522 ಇರೋದೇ ಅದಕ್ಕೆ.

150 ಪದಗಳಲ್ಲಿ ಬರೆಯಿರಿ

ದೂರಿಗೆ ವಿಳಾಸ ಬರೆಯುವ ಅಭ್ಯಾಸ ಎಷ್ಟು ಸರಳ ಅನ್ನೋದಕ್ಕೆ ಮಾಹಿತಿ ಹಕ್ಕು ಕಾಯ್ದೆ ನೋಡಿ. 2005ರಲ್ಲಿ ಜಾರಿಗೆ ಬಂತು. ಅರ್ಜಿ ಶುಲ್ಕ 10 ರೂಪಾಯಿ, ಅಂದರೆ ಒಂದು ಕಟಿಂಗ್ ಚಹಾದ ದುಡ್ಡು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಇನ್ನೊಂದು ವಿಶೇಷ ಇದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಈ ಮಿತಿ ಜನರ ಕೈ ಕಟ್ಟುತ್ತದೆ ಅನ್ನುವ ಟೀಕೆಯೂ ಇದೆ, ಅದರಲ್ಲಿ ಅರ್ಥವಿದೆ. ಆದರೂ ಒಂದು ಸಲ ಪ್ರಯತ್ನಿಸಿ ನೋಡಿ. ಕಾಲೇಜಿನ ಮುಂದಿನ ರಸ್ತೆಯ ಬಗ್ಗೆ ಒಂದು ಗಂಟೆ ಬಯ್ಯಬಲ್ಲ ನಾವು, ಅದೇ ವಿಷಯವನ್ನು 150 ಪದದಲ್ಲಿ, ಒಬ್ಬ ಅಧಿಕಾರಿಗೆ, ಒಂದು ನಿರ್ದಿಷ್ಟ ಪ್ರಶ್ನೆಯಾಗಿ ಬರೆಯೋಕೆ ಕೂತರೆ ಬೆವರುತ್ತೇವೆ. ಯಾವ ಇಲಾಖೆಯ ರಸ್ತೆ? ಕೊನೆಯ ಸಲ ಟೆಂಡರ್ ಆಗಿದ್ದು ಯಾವಾಗ? ನಿರ್ವಹಣೆ ಯಾರದ್ದು? ನಮಗೆ ಏನೂ ಗೊತ್ತಿರಲ್ಲ. ಗೊತ್ತುಮಾಡಿಕೊಳ್ಳೋಕೆ ಶುರು ಮಾಡಿದ ಕ್ಷಣಕ್ಕೆ ಗೊಣಗಾಟ ಮುಗಿದು ಕೆಲಸ ಶುರುವಾಗಿರುತ್ತದೆ.

ಇದು ನನ್ನ ಬ್ರಾಂಚ್ ಅಲ್ಲ ಅನ್ನದವರು

ಇನ್ನು ದೂರಿಗಿಂತ ಒಂದು ಹೆಜ್ಜೆ ಮುಂದೆ ಹೋದವರು ಇದ್ದಾರೆ. ಸುಳ್ಯದ ಗಿರೀಶ್ ಭಾರದ್ವಾಜ್ ಅವರ ಹೆಸರು ಕೇಳಿರುತ್ತೀರಿ, ತೂಗುಸೇತುವೆಗಳ ಸರದಾರ ಅಂತ. ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ ಓದಿದ ಮೆಕ್ಯಾನಿಕಲ್ ಎಂಜಿನಿಯರ್. ಗಮನಿಸಿ, ಸಿವಿಲ್ ಅಲ್ಲ! ಮಲೆನಾಡು, ಕರಾವಳಿಯ ಕಡೆಯವರಿಗೆ ಮಳೆಗಾಲದ ಹೊಳೆ ಅಂದರೆ ಏನು ಅಂತ ಗೊತ್ತು. ಆಚೆ ದಡದ ಮಕ್ಕಳಿಗೆ ಶಾಲೆ ಇಲ್ಲ, ಕಾಯಿಲೆ ಬಿದ್ದವರಿಗೆ ಆಸ್ಪತ್ರೆ ಇಲ್ಲ. ದೊಡ್ಡ ಸೇತುವೆ ಬರುತ್ತದೆ ಅಂತ ಕಾಯುತ್ತಾ ಒಂದು ತಲೆಮಾರೇ ಕಳೆದುಹೋಗುತ್ತದೆ. 1989ರಲ್ಲಿ ಸುಳ್ಯದ ಹತ್ತಿರ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಅವರು ಮೊದಲ ತೂಗುಸೇತುವೆ ಕಟ್ಟಿದರು. ಉಕ್ಕಿನ ಹಗ್ಗ, ಕಡಿಮೆ ಖರ್ಚು, ಊರವರ ಕೈಜೋಡಣೆ. ಅಲ್ಲಿಂದ ಮುಂದೆ ಕರ್ನಾಟಕ, ಕೇರಳ, ಆಂಧ್ರ, ಒಡಿಶಾ ಅಂತ ನೂರಕ್ಕೂ ಹೆಚ್ಚು ಸೇತುವೆಗಳಾದವು. 2017ರಲ್ಲಿ ಪದ್ಮಶ್ರೀ ಬಂತು.

ಸೇತುವೆ ಇಲ್ಲದ್ದು ಅವರ ತಪ್ಪೇ? ಅಲ್ಲ. 'ಇದು ನನ್ನ ಬ್ರಾಂಚ್ ಅಲ್ಲ, ಸಿವಿಲ್‌ನವರನ್ನು ಕೇಳಿ' ಅನ್ನೋಕೆ ಎಲ್ಲ ಅವಕಾಶವೂ ಇತ್ತು. ಅವರು ಅನ್ನಲಿಲ್ಲ, ಅಷ್ಟೇ.

ಬೆಂಗಳೂರಿನಲ್ಲಿ 2010ರಲ್ಲಿ ಚರ್ಚ್ ಸ್ಟ್ರೀಟಿನಿಂದ ಶುರುವಾದ 'ದಿ ಅಗ್ಲಿ ಇಂಡಿಯನ್' ಗುಂಪಿನದ್ದೂ ಇದೇ ದಾರಿ. ಹೆಸರಿಲ್ಲ, ಮುಖ ತೋರಿಸಲ್ಲ. ಕಸ ಬೀಳುವ ಒಂದು ಮೂಲೆ ಆರಿಸಿಕೊಂಡು, ಅಲ್ಲಿ ಯಾಕೆ ಕಸ ಬೀಳುತ್ತದೆ ಅಂತ ಮೊದಲು ತಿಳಿದುಕೊಂಡು, ಆಮೇಲೆ ಗುದ್ದಲಿ, ಬಣ್ಣ ಹಿಡಿಯುತ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಡಿಬಗ್ ಮಾಡುತ್ತಾರೆ. ಕೋಡ್ ಕ್ರ್ಯಾಶ್ ಆದಾಗ ಕಂಪೈಲರ್‌ಗೆ ಬಯ್ದು ಲ್ಯಾಪ್‌ಟಾಪ್ ಮುಚ್ಚಿದರೆ ಪ್ರೋಗ್ರಾಂ ಓಡಲ್ಲ ಅನ್ನೋದು ನಮಗೆ ಫಸ್ಟ್ ಸೆಮ್‌ನಲ್ಲೇ ಗೊತ್ತು. ಆ ಬುದ್ಧಿ ಲ್ಯಾಬಿನಿಂದ ಹೊರಗೆ ಬರಬೇಕು.

'ಕನ್ನಡದಲ್ಲಿ ಏನೂ ಸಿಗಲ್ಲ'

ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಾ ನಮ್ಮದೇ ಅಂಗಳದ ಗೊಣಗಾಟವನ್ನು ಬಿಟ್ಟರೆ ಆಗಲ್ಲ. ನವೆಂಬರ್ ಬಂದರೆ ಸಾಕು, 'ಇಂಟರ್ನೆಟ್ಟಿನಲ್ಲಿ ಕನ್ನಡದಲ್ಲಿ ಏನೂ ಸಿಗಲ್ಲ ಮಾರಾಯ' ಅನ್ನೋ ಮಾತು ಶುರು.

ಒಂದು ಕಾಲಕ್ಕೆ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸೋದೇ ಸಾಹಸವಾಗಿತ್ತು. ಆಗಲೂ ಗೊಣಗಿದವರು ಬಹಳ ಜನ ಇದ್ದಿರಬೇಕು. ಅವರ ಹೆಸರು ಯಾರಿಗೂ ನೆನಪಿಲ್ಲ. ಕೀಲಿಮಣೆಯ ವಿನ್ಯಾಸಕ್ಕೆ ತಲೆಕೊಟ್ಟ ಕೆ. ಪಿ. ರಾವ್ ಅವರ ಹೆಸರು ನೆನಪಿದೆ. ಇವತ್ತು ಸರ್ಕಾರಿ ಕಚೇರಿಗಳಲ್ಲಿ 'ನುಡಿ'ಯಲ್ಲಿ ಟೈಪ್ ಮಾಡುವ ಬೆರಳುಗಳು ಅವರ ವಿನ್ಯಾಸದ ಮೇಲೇ ಓಡಾಡುತ್ತಿವೆ. 1998ರಲ್ಲಿ 'ಬರಹ' ತಂದು ಜನರ ಕೈಗೆ ಪುಕ್ಕಟೆ ಕೊಟ್ಟ ಶೇಷಾದ್ರಿವಾಸು ಅವರ ಹೆಸರು ನೆನಪಿದೆ.

ಈಗಿನ ಕೊರತೆ ಬೇರೆ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಆದರೂ ಲೇಖನಗಳ ಸಂಖ್ಯೆ ಮೂವತ್ತು ಸಾವಿರದ ಆಸುಪಾಸಿನಲ್ಲೇ ಇದೆ. ತಮಿಳಿನಲ್ಲಿ ಒಂದೂವರೆ ಲಕ್ಷ ದಾಟಿದೆ. ಇದಕ್ಕೆ ಯಾವ ಸರ್ಕಾರ, ಯಾವ ಮ್ಯಾನೇಜ್‌ಮೆಂಟ್, ಯಾವ ಯೂನಿವರ್ಸಿಟಿಯನ್ನು ಬಯ್ಯೋಣ? 'ಸಂಪಾದಿಸಿ' ಅನ್ನೋ ಬಟನ್ ಎಲ್ಲರಿಗೂ ತೆರೆದೇ ಇದೆ. ನಾಲ್ಕೂವರೆ ಕೋಟಿ ಜನ ಹಿಡಿದ ಹಗ್ಗ ಇದು, ರಿಂಗಲ್‌ಮನ್ ನೋಡಿದ್ದರೆ ನಗುತ್ತಿದ್ದರೇನೋ.

ನಮ್ಮ ಮೂರನೇ ಸೆಮಿಸ್ಟರಿನ ಒಬ್ಬ ವಿದ್ಯಾರ್ಥಿಗೆ ಟ್ರಾನ್ಸ್‌ಫಾರ್ಮರ್ ಬಗ್ಗೆ, ಸೆಂಟ್ರಿಫ್ಯೂಗಲ್ ಪಂಪ್ ಬಗ್ಗೆ, ಬೈನರಿ ಸರ್ಚ್ ಬಗ್ಗೆ ಕನ್ನಡದಲ್ಲಿ ಎರಡು ಪುಟ ಬರೆಯುವಷ್ಟು ವಿಷಯ ಗೊತ್ತು. ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದು ಫಸ್ಟ್ ಇಯರ್‌ನಲ್ಲಿ ಇಂಗ್ಲಿಷ್ ಟೆಕ್ಸ್ಟ್‌ಬುಕ್ ಮುಂದೆ ಬೆಪ್ಪಾಗಿ ಕೂತ ಹುಡುಗನಿಗೆ ಆ ಎರಡು ಪುಟ ಏನು ಅನ್ನೋದು, ಆ ಜಾಗದಲ್ಲಿ ಕೂತವರಿಗೇ ಗೊತ್ತು.

ಮೂರು ಪ್ರಶ್ನೆ ಸಾಕು

ಹಾಗಂತ ಇವತ್ತಿನಿಂದ ಯಾರೂ ಗೊಣಗಲೇಬಾರದು ಅಂತ ನಾವು ಆಣೆ ಹಾಕಿಸುತ್ತಿಲ್ಲ. ಉಪ್ಪಿಟ್ಟಿಗೆ ಬಯ್ಯುವ ಸುಖ ಎಲ್ಲರಿಗೂ ಇರಲಿ. ಒಂದೇ ವಿಷಯಕ್ಕೆ ಮೂರನೇ ಸಲ ಗೊಣಗುವಾಗ ಮಾತ್ರ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದನ್ನು ಸರಿಮಾಡಬಲ್ಲ ವ್ಯಕ್ತಿ ಯಾರು, ಅವರಿಗೆ ಈ ವಿಷಯ ಗೊತ್ತಿದೆಯಾ? ಯಾವ ತಾರೀಕಿನೊಳಗೆ ಉತ್ತರ ಬರದಿದ್ದರೆ ಮುಂದೆ ಯಾರ ಹತ್ತಿರ ಹೋಗೋದು? ಇದರಲ್ಲಿ ಇವತ್ತು ಸಂಜೆಯೊಳಗೆ ನನ್ನ ಕೈಯಿಂದ ಆಗೋದು ಏನಾದರೂ ಇದೆಯಾ?

ಮೂರಕ್ಕೂ ಉತ್ತರ ಸಿಗದ ವಿಷಯಗಳೂ ಇರುತ್ತವೆ. ಅವನ್ನು ತಲೆ ಮೇಲೆ ಹೊತ್ತು ತಿರುಗೋದು ಬೇಡ. ಆದರೆ ನಮ್ಮ ಪಟ್ಟಿಯಲ್ಲಿ ಅಂಥವು ಅರ್ಧಕ್ಕಿಂತ ಕಮ್ಮಿ ಅಂತ ನಮ್ಮ ಅಂದಾಜು. ಮಿಕ್ಕವಕ್ಕೆ ಒಂದು ಕಾಗದ, ಒಂದು ಇಮೇಲು, ಒಂದು ವಾಷರ್, ಇಲ್ಲವೇ ಒಬ್ಬ ಗೆಳೆಯ ಸಾಕು.

ಅತ್ತರೆ ತಾನೇ ತಾಯಿ ಹಾಲು ಕೊಡೋದು ಅಂತ ಗಾದೆ ಹೇಳುವವರಿದ್ದಾರೆ. ನಿಜ, ಆದರೆ ಆ ಮಗು ಅಳೋದು ತಾಯಿಗೆ ಕೇಳಿಸುವ ಹಾಗೆ. ನಾವು ಪಕ್ಕದ ತೊಟ್ಟಿಲಿನ ಮಗುವಿನ ಕಿವಿಯಲ್ಲಿ ಅಳುತ್ತಿದ್ದೇವೆ.

ಈ ತಿಂಗಳಿಗೆ ಒಂದು ಕೆಲಸ ಇಟ್ಟುಕೊಳ್ಳೋಣ. ನಿಮ್ಮ ಪಟ್ಟಿಯಿಂದ ಒಂದೇ ಒಂದು ಗೊಣಗಾಟ ಆರಿಸಿ. ದೊಡ್ಡದು ಬೇಡ, ಸೋರುವ ನಲ್ಲಿಯೇ ಆಗಲಿ. ಅದಕ್ಕೊಂದು ವಿಳಾಸ, ಒಂದು ತಾರೀಕು, ನಿಮ್ಮ ಹೆಸರು ಬರೆಯಿರಿ. ಏನಾಯಿತು ಅಂತ ನಮಗೂ ನಾಲ್ಕು ಸಾಲು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಸರಿಹೋಗಿದ್ದರೆ ಹೇಗೆ ಅಂತ, ಹೋಗದಿದ್ದರೆ ಎಲ್ಲಿ ನಿಂತಿತು ಅಂತ. ಮುಂದಿನ ವರ್ಷ ಬರುವ ಜೂನಿಯರ್‌ಗಳಿಗೆ ದಾಟಿಸುವ ಪಟ್ಟಿ ಒಂದು ಸಾಲಾದರೂ ಚಿಕ್ಕದಾಗಿರಲಿ.